ಆಸ್ಟರ್ಲಿಯ ಮೆಟ್ಟಿಲ ತನಕ ಹೋಗಿ ವಾಪಸ್ ಬರಬೇಡಿ

ಹೌನ್ಸ್ಲೋ, ಐಸಲ್‌ವರ್ತ್, ಸೌತಾಲ್, ಹೇಸ್, ಸ್ಲೌ ಕಡೆ ಇರುವ ಎಲ್ಲ ಕನ್ನಡಿಗರಿಗೆ,

ನಮಸ್ಕಾರ.

ಹೋದ ವರ್ಷ ಬೇಸಿಗೆಯಲ್ಲಿ ತೀರ್ಥಹಳ್ಳಿಯಿಂದ ಅಮ್ಮ ಬಂದಿದ್ದರು. ಮೊದಲ ಭಾನುವಾರವೇ ಅವರನ್ನು ಪಶ್ಚಿಮ ಲಂಡನ್ನಿನ ಆಸ್ಟರ್ಲಿ ಪಾರ್ಕಿಗೆ ಕರೆದುಕೊಂಡು ಹೋದೆ. ಕೆರೆ ದಂಡೆಯಲ್ಲಿ ಕೂತು ಬಾತುಕೋಳಿ ನೋಡಿದೆವು. ಡಬ್ಬಿಯಲ್ಲಿ ತಂದಿದ್ದ ಪುಳಿಯೋಗರೆ ತಿಂದೆವು. ಹೊರಡುವಾಗ ಅಮ್ಮ ಆ ದೊಡ್ಡ ಕೆಂಪು ಇಟ್ಟಿಗೆ ಮನೆ ಕಡೆ ಕೈ ತೋರಿಸಿ, “ಅದು ಯಾರ ಮನೆಯೇ?” ಅಂತ ಕೇಳಿದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಎಂಟು ವರ್ಷದಿಂದ ಆ ಮನೆ ಮುಂದೆ ಓಡಾಡಿದ್ದೇನೆ. ಮಗ ಸೈಕಲ್ ಕಲಿತದ್ದು ಅಲ್ಲೇ. ಆ ಕಂಬಗಳ ಮುಂದೆ ನಿಂತು ತೆಗೆಸಿಕೊಂಡ ಫೋಟೋ ನಮ್ಮ ಹಾಲ್‌ನಲ್ಲಿ ನೇತಾಡುತ್ತಿದೆ. ಆದರೆ ಒಂದು ದಿನವೂ ಮೆಟ್ಟಿಲು ಹತ್ತಿ ಒಳಗೆ ಹೋಗಿರಲಿಲ್ಲ. ಯಾರದೋ ಮನೆ, ನಮಗೇನು ಕೆಲಸ ಅನ್ನಿಸುತ್ತಿತ್ತು. ಟಿಕೆಟ್ ದುಡ್ಡು ದಂಡ ಅಂತಲೂ ಅಂದುಕೊಂಡಿದ್ದೆ.

ಮರುವಾರ ಅಮ್ಮನ ಜೊತೆ ಒಳಗೆ ಹೋದೆ. ಆಮೇಲೆ ಒಬ್ಬಳೇ ಏಳೆಂಟು ಸಲ ಹೋಗಿದ್ದೇನೆ. ಲೈಬ್ರರಿಯಲ್ಲಿ ಕೂತು ಆ ಮನೆ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಈ ಪತ್ರ ಬರೆಯಲು ಕಾರಣ ಒಂದೇ. ಪಾರ್ಕಿನಲ್ಲಿ ಪ್ರತಿ ವಾರ ಕನ್ನಡ ಕೇಳಿಸುತ್ತದೆ. ಮಕ್ಕಳನ್ನು ಕೂಗುವ ಕನ್ನಡ, ಊರಿಗೆ ಫೋನ್ ಮಾಡುವ ಕನ್ನಡ. ಮನೆಯೊಳಗೆ ಮಾತ್ರ ಒಂದು ಸಲವೂ ಕೇಳಿಸಲಿಲ್ಲ. ನಾವೆಲ್ಲ ಮೆಟ್ಟಿಲ ತನಕ ಹೋಗಿ ವಾಪಸ್ ಬರುತ್ತಿದ್ದೇವೆ. ದಯವಿಟ್ಟು ಒಳಗೆ ಹೋಗಿ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ, ಪುರುಸೊತ್ತು ಮಾಡಿಕೊಂಡು ಓದಿ.

ಈ ಜಾಗದಲ್ಲಿ ಮೊದಲು ದೊಡ್ಡ ಮನೆ ಕಟ್ಟಿಸಿದವನು ಸರ್ ಥಾಮಸ್ ಗ್ರೆಶಮ್. ಲಂಡನ್ನಿನಲ್ಲಿ ವ್ಯಾಪಾರಿಗಳು ಸೇರಿ ವ್ಯವಹಾರ ಮಾಡುವ ರಾಯಲ್ ಎಕ್ಸ್‌ಚೇಂಜ್ ಕಟ್ಟಡ ಕಟ್ಟಿಸಿದ ವ್ಯಾಪಾರಿ ಅವನೇ. 1562ರಲ್ಲಿ ಇಲ್ಲಿ ಜಮೀನು ಕೊಂಡ. 1570ರ ದಶಕದಲ್ಲಿ ಇಟ್ಟಿಗೆ ಮನೆ ಎದ್ದಿತು. ನಡುವೆ ಅಂಗಳ, ಸುತ್ತ ಮನೆ. ಮಲೆನಾಡಿನವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ, ನಮ್ಮ ಚೌಕಿಮನೆಯ ಲೆಕ್ಕಾಚಾರವೇ. ಗ್ರೆಶಮ್ ಇಲ್ಲಿ ಒಂದು ಕಾಗದದ ಗಿರಣಿಯನ್ನೂ ನಡೆಸಿದ್ದ. ಅಂದರೆ ಮೊದಲಿನಿಂದಲೂ ಇದು ಸುಮ್ನೆ ವಾಸದ ಮನೆ ಆಗಿರಲಿಲ್ಲ.

1576ರಲ್ಲಿ ಒಂದನೇ ಎಲಿಜಬೆತ್ ರಾಣಿ ಇಲ್ಲಿಗೆ ಬಂದಳು. ಆಗಿನದು ಅಂತ ಎಲ್ಲರೂ ಹೇಳುವ ಕಥೆ ಒಂದಿದೆ. ಅಂಗಳ ಜಾಸ್ತಿ ದೊಡ್ಡದಾಯಿತು, ನಡುವೆ ಒಂದು ಗೋಡೆ ಇದ್ದರೆ ಚೆನ್ನಾಗಿರುತ್ತಿತ್ತು ಅಂತ ರಾಣಿ ಅಂದಳಂತೆ. ಗ್ರೆಶಮ್ ರಾತ್ರೋರಾತ್ರಿ ಲಂಡನ್ನಿನಿಂದ ಕೆಲಸದವರನ್ನು ಕರೆಸಿ, ಬೆಳಗಾಗುವಷ್ಟರಲ್ಲಿ ಗೋಡೆ ಎಬ್ಬಿಸಿದನಂತೆ. ಕಥೆ ಚೆನ್ನಾಗಿದೆ. ಆದರೆ ಅದೇ ಸಮಯದ ಇನ್ನೊಂದು ಘಟನೆ ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸಿತು. ಅದು ಕಥೆಯಲ್ಲ, ಕೋರ್ಟಿನ ದಾಖಲೆಯಲ್ಲೇ ಇದೆ. ಗ್ರೆಶಮ್ ತನ್ನ ಪಾರ್ಕಿಗೆ ಬೇಲಿ ಹಾಕಿಸಿದ್ದ. ಪಕ್ಕದ ಹೆಸ್ಟನ್ ಊರಿನವರು ಆ ಬೇಲಿ ಕಿತ್ತು ಸುಟ್ಟರು. ರಾಣಿ ಒಳಗೆ ಇದ್ದಾಗಲೇ! ಕೇಸು ಬಿದ್ದವರಲ್ಲಿ ಇಬ್ಬರು ಹೆಂಗಸರ ಹೆಸರಿದೆ.

ಊರಿನ ಗೋಮಾಳಕ್ಕೆ ಯಾರಾದರೂ ಬೇಲಿ ಹಾಕಿದರೆ ಏನಾಗುತ್ತದೆ ಅಂತ ನಮ್ಮ ಹಳ್ಳಿಯವರಿಗೆ ಗೊತ್ತು. ದನ ಎಲ್ಲಿ ಮೇಯಿಸಬೇಕು, ಸೌದೆ ಎಲ್ಲಿಂದ ತರಬೇಕು? ಹೆಸ್ಟನ್ನಿನ ಆ ಹೆಂಗಸರ ಸಂಕಟ ನನಗೆ ಬೇರೆ ದೇಶದ ಕಥೆ ಅನ್ನಿಸಲಿಲ್ಲ. ಈಗ ಹೆಸ್ಟನ್ ಎಲ್ಲಿದೆ ಅಂತ ನಿಮಗೂ ಗೊತ್ತು. ನಮ್ಮಲ್ಲಿ ಎಷ್ಟೋ ಜನ ಬಾಡಿಗೆಗೆ ಇರುವುದು ಅಲ್ಲೇ ಅಲ್ವಾ? ಈಗ ಆ ಪಾರ್ಕಿಗೆ ಕಾಲಿಡಲು ಒಂದು ಪೆನ್ನಿ ಕೊಡಬೇಕಿಲ್ಲ. ಶನಿವಾರ ಬೆಳಿಗ್ಗೆ ನೂರಾರು ಜನ ಅಲ್ಲಿ ಪಾರ್ಕ್‌ರನ್ ಓಡುತ್ತಾರೆ.

ಗ್ರೆಶಮ್ 1579ರಲ್ಲಿ ತೀರಿಕೊಂಡ. ಮನೆ ಕೈಯಿಂದ ಕೈಗೆ ಹೋಯಿತು. ಕೊನೆಗೆ ಅದನ್ನು ಅಡವಿಟ್ಟು ಸಾಲ ತೆಗೆದವರಿದ್ದರು. ಸಾಲ ತೀರಲಿಲ್ಲ. 1713ರಲ್ಲಿ ಅದು ಸಾಲ ಕೊಟ್ಟ ಸರ್ ಫ್ರಾನ್ಸಿಸ್ ಚೈಲ್ಡ್‌ಗೆ ಸೇರಿತು. ಅವನು ಲಂಡನ್ನಿನ ಫ್ಲೀಟ್ ಸ್ಟ್ರೀಟಿನ ಬ್ಯಾಂಕರ್, ಹಿಂದೆ ಲಂಡನ್ನಿನ ಮೇಯರ್ ಆಗಿದ್ದವನು. ಅದೇ ವರ್ಷ ಅವನೂ ತೀರಿಕೊಂಡ. ಮನೆ ಮಕ್ಕಳಿಗೆ ಬಂತು.

ಇಲ್ಲಿಂದ ಕಥೆ ನಮ್ಮ ಕಡೆ ತಿರುಗುತ್ತದೆ. ಅವನ ಮಕ್ಕಳಾದ ರಾಬರ್ಟ್ ಮತ್ತು ಫ್ರಾನ್ಸಿಸ್ ಈಸ್ಟ್ ಇಂಡಿಯಾ ಕಂಪನಿಯ ಡೈರೆಕ್ಟರುಗಳಾದರು. ಮನೆತನದ ದುಡ್ಡು ಕಂಪನಿಯ ಷೇರಿನಲ್ಲಿತ್ತು. ಕಂಪನಿಗಾಗಿ ಓಡಾಡಿದ ಹಡಗುಗಳಿಗೆ ‘ಆಸ್ಟರ್ಲಿ’ ಅಂತ ಈ ಮನೆಯದೇ ಹೆಸರು ಇಟ್ಟಿದ್ದರು. ಕಂಪನಿಯ ಹಡಗಿನಲ್ಲಿ ಚೀನಾದಿಂದ ಬಂದ ಅರಗಿನ ಮೆರುಗಿನ ಕುರ್ಚಿಗಳು, ಪರದೆ, ಪಿಂಗಾಣಿ ಈಗಲೂ ಮನೆಯಲ್ಲಿವೆ. ಅವುಗಳ ಮೇಲೆ ಚೈಲ್ಡ್ ಮನೆತನದ ಲಾಂಛನ ಬರೆಸಿದ್ದಾರೆ. ಚೀನಾದ ಒಂದು ಬಗೆಯ ಅರಗಿನ ಪರದೆಗಳಿಗೆ ಇಲ್ಲಿ ಬಿದ್ದ ಹೆಸರು ‘ಕೋರಮಂಡಲ್’. ಮಾಡಿದ್ದು ಚೀನಾದಲ್ಲಿ. ಆದರೆ ನಮ್ಮ ಪೂರ್ವ ಕರಾವಳಿಯ ಬಂದರುಗಳಲ್ಲಿ ಹಡಗು ಬದಲಾಯಿಸಿ ಬರುತ್ತಿದ್ದದ್ದಕ್ಕೆ ಚೋಳಮಂಡಲದ ಹೆಸರು ಅಂಟಿಕೊಂಡಿತು. ಪಕ್ಕದ ನಾಡಿನ ಒಂದು ಹೆಸರು ಇಲ್ಲಿಯ ದೊಡ್ಡ ಮನೆಗಳ ಪರದೆ ಮೇಲೆ ಕೂತಿದೆ.

ಒಂದು ಮಾತು ಸ್ಪಷ್ಟ ಮಾಡಬೇಕು. ಈ ಮನೆಯನ್ನು ಶ್ರೀರಂಗಪಟ್ಟಣದ ಲೂಟಿಯಿಂದ ಕಟ್ಟಿದರು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮವರೇ ಒಬ್ಬರು ನನ್ನ ಹತ್ತಿರ ಹಾಗೆ ವಾದ ಮಾಡಿದ್ದರು. ಟಿಪ್ಪು ಸತ್ತದ್ದು 1799ರಲ್ಲಿ. ಈ ಮನೆಯ ಕೆಲಸ ಮುಗಿದು ಅಷ್ಟೊತ್ತಿಗೆ ಸುಮಾರು ಇಪ್ಪತ್ತು ವರ್ಷ ಆಗಿತ್ತು. ಇಲ್ಲಿಯ ದುಡ್ಡು ಸಾಲ, ಬಡ್ಡಿ, ಷೇರು, ವ್ಯಾಪಾರದ್ದು. ಯಾರದೋ ಅರಮನೆಯಿಂದ ಹೊತ್ತು ತಂದ ಪೆಟ್ಟಿಗೆಗಿಂತ ಇದನ್ನು ಅರ್ಥ ಮಾಡಿಕೊಳ್ಳುವುದು ಕಷ್ಟ. ಹಾಗಾಗಿಯೇ ಒಳಗೆ ಹೋಗಿ ನೋಡಬೇಕು ಅನ್ನುತ್ತೇನೆ.

1761ರಲ್ಲಿ ಮನೆತನದ ಮೊಮ್ಮಗ, ಅವನ ಹೆಸರೂ ಫ್ರಾನ್ಸಿಸ್ ಚೈಲ್ಡ್, ರಾಬರ್ಟ್ ಆಡಂ ಅನ್ನುವ ಸ್ಕಾಟ್ಲೆಂಡಿನ ಆರ್ಕಿಟೆಕ್ಟ್‌ನನ್ನು ಕರೆಸಿದ. ಆಡಂ ಇಟಲಿಗೆ ಹೋಗಿ ರೋಮನ್ನರ ಹಾಳುಬಿದ್ದ ಕಟ್ಟಡಗಳನ್ನು ಅಳತೆ ಮಾಡಿ ಕಲಿತು ಬಂದವನು. ಫ್ರಾನ್ಸಿಸ್ 1763ರಲ್ಲೇ ತೀರಿಕೊಂಡ. ತಮ್ಮ ರಾಬರ್ಟ್ ಚೈಲ್ಡ್, ಅವನ ಹೆಂಡತಿ ಸಾರಾ ಕೆಲಸ ಮುಂದುವರಿಸಿದರು. ಹತ್ತಿರ ಹತ್ತಿರ ಇಪ್ಪತ್ತು ವರ್ಷ ಕೆಲಸ ನಡೆಯಿತು.

ಆಡಂ ಮಾಡಿದ ಬುದ್ಧಿವಂತಿಕೆ ಏನು ಗೊತ್ತಾ? ಹಳೆ ಮನೆಯ ಗುರುತು ಅಳಿಸಲಿಲ್ಲ. ನಾಲ್ಕು ಮೂಲೆಯ ನಾಲ್ಕು ಗೋಪುರ ಹಾಗೇ ಉಳಿದವು. ಕೆಂಪು ಇಟ್ಟಿಗೆಯನ್ನು ಬಿಡಲಿಲ್ಲ. ಮುಂದಿನ ಸಾಲನ್ನು ಮಾತ್ರ ತೆರೆದು, ಆ ಜಾಗದಲ್ಲಿ ಬಿಳಿ ಕಂಬಗಳ ಎರಡು ಸಾಲು ನಿಲ್ಲಿಸಿದ. ಸಾಲಿಗೆ ಆರು, ಒಟ್ಟು ಹನ್ನೆರಡು. ಹಿಂದೆ ಗೋಡೆ ಇಲ್ಲ, ಬಾಗಿಲೂ ಇಲ್ಲ. ಅಂಗಳ ಆಚೆಯಿಂದಲೇ ಕಾಣುತ್ತದೆ. ನಮ್ಮ ದೇವಸ್ಥಾನದ ಮುಖಮಂಟಪದಲ್ಲಿ ನಿಂತರೆ ಹಿಂದೆ ಬೆಳಕು, ಮುಂದೆ ನೆರಳು ಇರುತ್ತದಲ್ಲ, ಇಲ್ಲಿ ಅದು ತಿರುಗುಮುರುಗು. ಮಂಟಪ ದಾಟಿದರೆ ಮತ್ತೆ ಆಕಾಶ. ಅಂಗಳ ಒಂದು ಅಂತಸ್ತು ಎತ್ತರದಲ್ಲಿದೆ. ಅದಕ್ಕೇ ಅಷ್ಟೊಂದು ಮೆಟ್ಟಿಲು. ಆ ಮೆಟ್ಟಿಲ ಮೇಲೆ ಕೂತು ನಾವು ಫೋಟೋ ತೆಗೆಸಿಕೊಳ್ಳುತ್ತೇವೆ. ಇನ್ನು ಮೂವತ್ತು ಹೆಜ್ಜೆ ಹಾಕಿದರೆ ಬಾಗಿಲು ಸಿಗುತ್ತದೆ.

ಒಳಗೆ ಹೋದ ಕೂಡಲೇ ಹಾಲ್. ಬೂದು, ಬಿಳಿ, ತಣ್ಣಗಿನ ಜಾಗ. ಎರಡೂ ತುದಿ ಅರ್ಧ ಚಂದ್ರದ ಹಾಗೆ ಬಾಗಿವೆ. ಮೇಲೆ ನೋಡಿ, ಆಮೇಲೆ ಕೆಳಗೆ ನೋಡಿ. ಸೀಲಿಂಗಿನ ಗಾರೆ ಚಿತ್ತಾರಕ್ಕೆ ನೆಲದ ಕಲ್ಲಿನ ಚಿತ್ತಾರ ಜವಾಬು ಕೊಡುತ್ತದೆ. ಆಡಂ ತನ್ನ ಕೋಣೆಗಳನ್ನು ಹೀಗೇ ಯೋಚಿಸಿದ. ಸೀಲಿಂಗು, ಕಾರ್ಪೆಟ್ಟು, ಬಾಗಿಲ ಹಿಡಿ, ಕುರ್ಚಿ ಎಲ್ಲ ಒಂದಕ್ಕೊಂದು ಹೊಂದುತ್ತವೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಡ್ರಾಯಿಂಗ್ ರೂಮಿನ ಸೀಲಿಂಗ್. ನಡುವೆ ಒಂದು ದೊಡ್ಡ ಅರಳಿದ ಹೂವು ಇದೆ. ಸಿರಿಯಾದ ಪಾಲ್ಮೈರಾ ಅನ್ನುವ ಹಳೆ ಊರಿನ ಸೂರ್ಯ ದೇವಾಲಯದ ಛಾವಣಿಯಲ್ಲಿದ್ದ ಕೆತ್ತನೆಯಿಂದ ತೆಗೆದುಕೊಂಡದ್ದು. ಬ್ರಿಟಿಷ್ ಪ್ರವಾಸಿಗಳು ಅಲ್ಲಿಗೆ ಹೋಗಿ ಬರೆಸಿದ ಚಿತ್ರಗಳು 1753ರಲ್ಲಿ ಅಚ್ಚಾಗಿದ್ದವು. ಬೆಲ್ ದೇವರ ಗುಡಿ ಅಂತ ಈಗ ಕರೆಯುವ ಆ ಗುಡಿಯನ್ನು 2015ರಲ್ಲಿ ಐಸಿಸ್ ಉಗ್ರರು ಸ್ಫೋಟಿಸಿ ಕೆಡವಿದರು. ಸುಮಾರು ಎರಡು ಸಾವಿರ ವರ್ಷ ನಿಂತಿದ್ದ ಗುಡಿ ಹೋಯಿತು. ಅದರ ಹೂವಿನ ನೆರಳು ಇಲ್ಲಿ, ನಮ್ಮ ಪಿಕ್ಯಾಡಿಲಿ ಮೆಟ್ರೋ ಲೈನಿನ ಪಕ್ಕ, ಗಾರೆಯಲ್ಲಿ ಉಳಿದುಕೊಂಡಿದೆ. ಅದನ್ನು ನೋಡುತ್ತಾ ನಾನು ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಕತ್ತು ನೋವು ಬಂದ ಮೇಲೆ ಪಕ್ಕದಲ್ಲಿದ್ದ ಗೈಡ್ ಅಜ್ಜಿ ಬಂದು ಮಾತಾಡಿಸಿದರು.

ಅಮ್ಮ ಕೇಳಿದ ಪ್ರಶ್ನೆಗಳೇ ಬೇರೆ. ಊಟದ ಕೋಣೆಗೆ ಬಂದಾಗ, “ಟೇಬಲ್ ಎಲ್ಲಿ?” ಅಂದರು. ನಿಜ, ನಡುವೆ ದೊಡ್ಡ ಟೇಬಲ್ ಇಲ್ಲ. ಆಗಿನ ಪದ್ಧತಿ ಹಾಗಿತ್ತು. ಕುರ್ಚಿಗಳೆಲ್ಲ ಗೋಡೆಗೆ ಒರಗಿಕೊಂಡಿರುತ್ತಿದ್ದವು. ಊಟದ ಹೊತ್ತಿಗೆ ಆಳುಗಳು ಮಡಚುವ ಟೇಬಲ್ ತಂದು ಹಾಕುತ್ತಿದ್ದರು, ಮುಗಿದ ಮೇಲೆ ತೆಗೆದಿಡುತ್ತಿದ್ದರು. “ನಮ್ಮ ಅಜ್ಜನ ಮನೇಲೂ ಊಟಕ್ಕೆ ಅಂತ ಬೇರೆ ಸಾಮಾನು ಇರ್ಲಿಲ್ಲ. ಮಣೆ ಹಾಕೋದು, ಎತ್ತಿಡೋದು,” ಅಂದರು ಅಮ್ಮ. “ಅಡುಗೆಮನೆ ಎಲ್ಲಿ?” ಅದು ಮುಂದಿನ ಪ್ರಶ್ನೆ. ಅಡುಗೆಮನೆ ಕೆಳಗಿನ ಅಂತಸ್ತಿನಲ್ಲಿದೆ. ಅಷ್ಟು ದೂರದಿಂದ ಮೆಟ್ಟಿಲು ಹತ್ತಿಕೊಂಡು ಬಿಸಿ ಅಡುಗೆ ಹೊತ್ತು ತರಬೇಕಿತ್ತು. ನಾವು ಕೆಳಗೆ ಇಳಿದು ಹೋದೆವು. ಮೇಲಿನ ಚಿನ್ನದ ಬಣ್ಣಕ್ಕಿಂತ ಆ ಕೆಳಗಿನ ಕೋಣೆಗಳಲ್ಲೇ ಅಮ್ಮ ಜಾಸ್ತಿ ಹೊತ್ತು ನಿಂತರು. ಇಡೀ ಜೀವನ ಅಡುಗೆಮನೆಯಲ್ಲಿ ಕಳೆದವರಿಗೆ ಒಲೆ ಎಷ್ಟು ದೊಡ್ಡದು, ಪಾತ್ರೆ ಎಷ್ಟು ಭಾರ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ.

ನಿಮ್ಮ ಊರಿನಿಂದ ಅಪ್ಪ ಅಮ್ಮ ಬಂದರೆ ಅವರನ್ನು ಖಂಡಿತ ಕರೆದುಕೊಂಡು ಹೋಗಿ. ಅವರ ಕಣ್ಣಿಗೆ ಬೀಳುವುದು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಮಲಗುವ ಕೋಣೆಯಲ್ಲಿ ಆಡಂ 1776ರ ಹೊತ್ತಿಗೆ ಮಾಡಿಸಿದ ಮಂಚ ಇದೆ. ಅದನ್ನು ಮಂಚ ಅನ್ನುವುದಕ್ಕಿಂತ ಒಂದು ಗುಡಿ ಅನ್ನಬಹುದು. ಕಂಬಗಳಿವೆ, ಮೇಲೆ ಗುಮ್ಮಟ ಇದೆ. ಬಟ್ಟೆಯ ಅಂಚಿನಲ್ಲಿ ಹೊಲಿದಿರುವ ಹೂವನ್ನು ಗಮನಿಸಿ. ಅದು ಮ್ಯಾರಿಗೋಲ್ಡ್. ಹಿಂದೆ ಲಂಡನ್ನಿನಲ್ಲಿ ಅಂಗಡಿಗಳಿಗೆ ನಂಬರ್ ಇರಲಿಲ್ಲ, ಬೋರ್ಡಿನ ಚಿತ್ರವೇ ವಿಳಾಸ. ಚೈಲ್ಡ್ ಬ್ಯಾಂಕಿನ ಬೋರ್ಡಿನಲ್ಲಿ ಇದ್ದದ್ದು ಈ ಹೂವು. ನಾವು ದಸರಾಕ್ಕೆ ಬಾಗಿಲಿಗೆ ಕಟ್ಟುವ ಚೆಂಡುಹೂವಿನ ಜಾತಿ ಇದಲ್ಲ, ಯುರೋಪಿನದು ಬೇರೆ. ಆದರೂ ಮಗ ಅದನ್ನು ನೋಡಿ “ಚೆಂಡುಹೂ” ಅಂದಾಗ ನಾನು ತಿದ್ದಲಿಲ್ಲ.

ಆಗಿನ ಕಾಲದವರಿಗೆಲ್ಲ ಇದು ಹಿಡಿಸಿತ್ತು ಅಂದುಕೊಳ್ಳಬೇಡಿ. 1773ರಲ್ಲಿ ಬರಹಗಾರ ಹೊರೇಸ್ ವಾಲ್ಪೋಲ್ ಬಂದು, ಅರಮನೆಗಳ ಅರಮನೆ ಅಂತ ಹಾಡಿ ಹೊಗಳಿದ. ಕೆಲವು ವರ್ಷ ಬಿಟ್ಟು ಬಂದು ಮಂಚದ ಮೇಲಿನ ಗುಮ್ಮಟಕ್ಕೆ ಸುತ್ತಿದ ಹೂಮಾಲೆ ನೋಡಿ ಮೂಗು ಮುರಿದ. ಪಕ್ಕದ ಎಟ್ರಸ್ಕನ್ ಕೋಣೆಯೂ ಅವನಿಗೆ ಹಿಡಿಸಲಿಲ್ಲ. ಹಳೆ ಗ್ರೀಕ್ ಮಡಕೆಗಳ ಮೇಲಿನ ಚಿತ್ರಗಳನ್ನು ಗೋಡೆ ತುಂಬಾ ಬರೆಸಿದ ಕೋಣೆ ಅದು. ಆ ಮಡಕೆಗಳು ಹಳೆ ಇಟಲಿಯ ಎಟ್ರಸ್ಕನ್ ಜನರವು ಅಂತ ಆಗ ತಪ್ಪು ತಿಳಿದಿದ್ದರು, ಹೆಸರು ಹಾಗೇ ಉಳಿಯಿತು. ಈ ಒಂದು ವಿಷಯದಲ್ಲಿ ವಾಲ್ಪೋಲ್ ಮಾತು ನಾನು ಒಪ್ಪುವುದಿಲ್ಲ. ಕಾಗದದ ಮೇಲೆ ಬರೆದು ಕ್ಯಾನ್ವಾಸಿಗೆ ಅಂಟಿಸಿದ ಆ ಸಣ್ಣ ಸಣ್ಣ ಚಿತ್ರಗಳು ನನಗೆ ನಮ್ಮ ಮನೆಗಳ ಹಸೆ ಚಿತ್ತಾರವನ್ನು ನೆನಪಿಸುತ್ತವೆ. ತಿಳಿ ಬಣ್ಣದ ಮೇಲೆ ತೆಳು ಗೆರೆ, ನಡುನಡುವೆ ಬೇಕಾದಷ್ಟು ಖಾಲಿ ಜಾಗ.

1782ರ ಮೇ ತಿಂಗಳಲ್ಲಿ ರಾಬರ್ಟ್ ಮತ್ತು ಸಾರಾರ ಒಬ್ಬಳೇ ಮಗಳು ಸಾರಾ ಆ್ಯನ್, ವೆಸ್ಟ್‌ಮೋರ್ಲೆಂಡಿನ ಅರ್ಲ್ (ಅರ್ಲ್ ಅಂದರೆ ಇಲ್ಲಿಯ ದೊಡ್ಡ ಮನೆತನದವರ ಒಂದು ಪದವಿ) ಜೊತೆ ಓಡಿಹೋಗಿ ಸ್ಕಾಟ್ಲೆಂಡಿನ ಗ್ರೆಟ್ನಾ ಗ್ರೀನಿನಲ್ಲಿ ಮದುವೆಯಾದಳು. ಅಪ್ಪನಿಗೆ ಬಹಳ ನೋವಾಯಿತು. ಆಸ್ತಿ ಅಳಿಯನ ವಂಶದ ಹಿರಿಯ ಮಗನಿಗೆ ಹೋಗದ ಹಾಗೆ ಉಯಿಲು ಬರೆಸಿದ. ಜುಲೈ ತಿಂಗಳಲ್ಲಿ ತೀರಿಕೊಂಡ. ಹಾಗಾಗಿ ಎಲ್ಲವೂ ಮೊಮ್ಮಗಳು ಸಾರಾ ಸೋಫಿಯಾಗೆ ಬಂತು. ಅವಳು 1804ರಲ್ಲಿ ಮುಂದೆ ಜೆರ್ಸಿಯ ಅರ್ಲ್ ಆದವನನ್ನು ಮದುವೆಯಾದಳು. ಓಡಿಹೋದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಈ ಮೊಮ್ಮಗಳು ಇಪ್ಪತ್ತೊಂದನೇ ವಯಸ್ಸಿಗೆ ಬ್ಯಾಂಕಿನ ಹಿರಿಯ ಪಾಲುದಾರಳಾಗಿ, 1867ರಲ್ಲಿ ಸಾಯುವ ತನಕ, ಅರವತ್ತು ವರ್ಷ ಆ ಜಾಗ ಬಿಡಲಿಲ್ಲ ಅನ್ನುವುದನ್ನು ಹೇಳುವವರು ಕಡಿಮೆ. ಹೆಣ್ಣುಮಕ್ಕಳು ಇರುವ ಅಪ್ಪ ಅಮ್ಮಂದಿರು ಅವಳ ಹೆಸರು ನೆನಪಿಟ್ಟುಕೊಳ್ಳಿ.

ಜೆರ್ಸಿ ಮನೆತನಕ್ಕೆ ಬೇರೆ ಕಡೆಯೂ ಮನೆಗಳಿದ್ದವು. ಆಸ್ಟರ್ಲಿ ನಿಧಾನಕ್ಕೆ ಖಾಲಿಯಾಯಿತು. 1885ರಲ್ಲಿ ಇಲ್ಲಿಯ ಪುಸ್ತಕ ಭಂಡಾರವನ್ನೇ ಹರಾಜು ಹಾಕಿದರು. ಲೈಬ್ರರಿ ಕೋಣೆಯಲ್ಲಿ ಆಡಂ ಮಾಡಿಸಿದ ಕಪಾಟುಗಳು ನಿಂತಿವೆ. ಅವುಗಳ ಮೂಲ ಪುಸ್ತಕಗಳು ಲೋಕದ ತುಂಬಾ ಚದುರಿ ಹೋಗಿವೆ.

ಆಮೇಲೆ ಬಂದದ್ದು ನನ್ನ ಮಟ್ಟಿಗೆ ಈ ಮನೆಯ ಅತಿ ದೊಡ್ಡ ದಿನ. 1939ರಲ್ಲಿ ಒಂಬತ್ತನೇ ಅರ್ಲ್ ಬಾಗಿಲು ತೆರೆದು ಜನರನ್ನು ಒಳಗೆ ಬಿಟ್ಟ. ಯಾಕೆ ಅಂತ ಕೇಳಿದವರಿಗೆ, ನಾನು ಇಲ್ಲಿ ವಾಸ ಮಾಡುವುದಿಲ್ಲ, ಬಹಳ ಜನರಿಗೆ ನೋಡುವ ಆಸೆ ಇದೆ, ಅಷ್ಟು ಸಾಲದೇ ಅನ್ನುವ ಅರ್ಥದ ಉತ್ತರ ಕೊಟ್ಟ. ಮೊದಲ ತಿಂಗಳಲ್ಲೇ ಸುಮಾರು 12,000 ಜನ ಬಂದರು. ಮೇಲಿನ ಅಂತಸ್ತಿನ ಕೋಣೆಗಳಲ್ಲಿ ಆಗ ಬದುಕಿದ್ದ ಕಲಾವಿದರ ಚಿತ್ರ ಪ್ರದರ್ಶನ ಇಟ್ಟ. ಬೇಲಿ ಸುಟ್ಟ ಹೆಂಗಸರ ಕಾಲದಿಂದ ಇಲ್ಲಿಗೆ 363 ವರ್ಷ.

ಮರುವರ್ಷವೇ ಯುದ್ಧ ಮನೆಬಾಗಿಲಿಗೆ ಬಂತು. 1940ರ ಬೇಸಿಗೆಯಲ್ಲಿ ಜರ್ಮನ್ನರು ಇವತ್ತೋ ನಾಳೆಯೋ ಬಂದು ಇಳಿಯುತ್ತಾರೆ ಅನ್ನುವ ಭಯ. ಊರು ಕಾಯಲು ಹೊರಟ ಸಾಮಾನ್ಯ ಜನರಿಗೆ, ಅಂದರೆ ಹೋಂ ಗಾರ್ಡಿಗೆ, ಮೊದಲ ತರಬೇತಿ ಶಾಲೆ ಶುರುವಾದದ್ದು ಈ ಪಾರ್ಕಿನಲ್ಲಿ. ನಡೆಸಿದವನು ಟಾಮ್ ವಿಂಟ್ರಿಂಗ್ಹಂ, ಸ್ಪೇನಿನ ಅಂತರ್ಯುದ್ಧದಲ್ಲಿ ಹೋರಾಡಿ ಬಂದವನು. ಕಣ್ಣಿಗೆ ಬೀಳದ ಹಾಗೆ ಅಡಗುವುದನ್ನು ಕಲಿಸಿದವನು ರೋಲಂಡ್ ಪೆನ್ರೋಸ್ ಅನ್ನುವ ಚಿತ್ರಕಾರ. ಕೈಯಲ್ಲೇ ಸ್ಫೋಟಕ ಕಲಸುವುದು, ಚಾಕು ಹಿಡಿದು ಕಾದಾಡುವುದು ಎಲ್ಲ ಪಾಠ ಇತ್ತು. ಕೆಡವಲು ಇಟ್ಟಿದ್ದ ಎಸ್ಟೇಟಿನ ಕೆಲಸಗಾರರ ಮನೆಗಳಲ್ಲಿ ಬೀದಿ ಕಾಳಗ ಕಲಿಸಿದರು. ಸರ್ಕಾರಕ್ಕೆ ಈ ಶಾಲೆ ಇಷ್ಟವಾಗಲಿಲ್ಲ, ಸೆಪ್ಟೆಂಬರಿನಲ್ಲೇ ತನ್ನ ಕೈಗೆ ತೆಗೆದುಕೊಂಡು ಮರುವರ್ಷ ಮುಚ್ಚಿತು. ನಮ್ಮ ಮಕ್ಕಳು ಫ್ರಿಸ್ಬಿ ಎಸೆಯುವ ಹುಲ್ಲಿನ ಮೇಲೆ ಬಸ್ ಡ್ರೈವರುಗಳು, ಗುಮಾಸ್ತರು ಹೊಟ್ಟೆ ಮೇಲೆ ತೆವಳುತ್ತಿದ್ದರು ಅಂತ ನೆನೆಸಿಕೊಂಡರೆ ಆ ಹುಲ್ಲೇ ಬೇರೆ ಥರ ಕಾಣುತ್ತದೆ.

1949ರಲ್ಲಿ ಅರ್ಲ್ ಮನೆ ಮತ್ತು ಪಾರ್ಕನ್ನು, ಹಳೆ ಮನೆ, ಜಾಗಗಳನ್ನು ಕಾಪಾಡುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟಿಗೆ ಕೊಟ್ಟುಬಿಟ್ಟ. ತಾನು ಜೆರ್ಸಿ ದ್ವೀಪಕ್ಕೆ ಹೋದಾಗ ಜೊತೆಗೆ ಒಯ್ದ ಚಿತ್ರಗಳಲ್ಲಿ ಎಷ್ಟೋ ಅಲ್ಲಿಯ ಗೋದಾಮಿನ ಬೆಂಕಿಯಲ್ಲಿ ಸುಟ್ಟು ಹೋದವು. ಮನೆಯ ಉಸ್ತುವಾರಿ 1991ರ ತನಕ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ನೋಡಿಕೊಂಡಿತು. ಟಿಪ್ಪುವಿನ ಮರದ ಹುಲಿ ಇರುವ ಮ್ಯೂಸಿಯಂ ಅದೇ. ನಾವು ಊರಿನವರು ಬಂದಾಗಲೆಲ್ಲ ಸೌತ್ ಕೆನ್ಸಿಂಗ್ಟನ್ನಿಗೆ ಕರೆದುಕೊಂಡು ಹೋಗಿ ಆ ಹುಲಿ ತೋರಿಸುತ್ತೇವೆ. ಅದೇ ಪಿಕ್ಯಾಡಿಲಿ ಲೈನಿನಲ್ಲಿ ಈ ಕಡೆ ಬಂದರೆ ಆಸ್ಟರ್ಲಿ ಸಿಗುತ್ತದೆ. ಹುಲಿಯನ್ನು ಲಂಡನ್ನಿಗೆ ತಂದ ಕಂಪನಿಯ ಡೈರೆಕ್ಟರುಗಳ ಮನೆ ಹೇಗಿತ್ತು ಅಂತ ಇಲ್ಲಿ ನೋಡಬಹುದು. ಎರಡನ್ನೂ ನೋಡಿದ ಮಕ್ಕಳಿಗೆ ಕಥೆ ಪೂರ್ತಿ ಆಗುತ್ತದೆ.

ಅಷ್ಟರಲ್ಲಿ ಇಂತಹ ಮನೆಗಳು ಈ ದೇಶದಲ್ಲಿ ಒಂದೊಂದಾಗಿ ಬೀಳುತ್ತಿದ್ದವು. ಆಡಂ ಅಣ್ಣತಮ್ಮಂದಿರು ಥೇಮ್ಸ್ ದಡದಲ್ಲಿ ಕಟ್ಟಿದ್ದ ಅಡೆಲ್ಫಿ ಸಾಲುಮನೆಗಳನ್ನು 1936ರಲ್ಲಿ ಕೆಡವಿದರು. ಒಂದು ಶತಮಾನದೊಳಗೆ ಸಾವಿರಕ್ಕೂ ಜಾಸ್ತಿ ದೊಡ್ಡ ಮನೆಗಳು ಹೋಗಿವೆ ಅಂತ 1974ರಲ್ಲಿ ಅದೇ ಮ್ಯೂಸಿಯಂ ಒಂದು ಪ್ರದರ್ಶನ ಮಾಡಿ ತೋರಿಸಿತು. ಆಸ್ಟರ್ಲಿಗೂ ಪೆಟ್ಟು ಬೀಳದೇ ಇರಲಿಲ್ಲ. 1960ರ ದಶಕದಲ್ಲಿ ಎಂ4 ಹೆದ್ದಾರಿ ಎಸ್ಟೇಟಿನ ನಡುವೆಯೇ ಸೀಳಿಕೊಂಡು ಹೋಯಿತು. ಕೆರೆ ಹಿಂದೆ ನಡೆದರೆ ಅದರ ಮೊರೆತ ಕೇಳಿಸುತ್ತದೆ. ಮೇಲೆ ಹೀಥ್ರೋ ವಿಮಾನಗಳು. ನಾವೆಲ್ಲ ಬಂದಿಳಿದ ವಿಮಾನಗಳು ಅವೇ.

ಈಗ ಗ್ರೆಶಮ್ ಕಾಲದ ಕುದುರೆ ಲಾಯದಲ್ಲಿ ಕೆಫೆ ಇದೆ. ಸುಮಾರು 450 ವರ್ಷದ ಇಟ್ಟಿಗೆ ಗೋಡೆಯ ಕೆಳಗೆ ಕೂತು ನಾವು ಚಹಾ ಕುಡಿಯುತ್ತೇವೆ. ಕೆಲವರಿಗೆ ಇದು ಸರಿ ಕಾಣುವುದಿಲ್ಲ, ಹಳೆ ಕಟ್ಟಡದಲ್ಲಿ ಕೇಕ್ ಮಾರುವುದು ಏನು ಅನ್ನುತ್ತಾರೆ. ನನಗೆ ಇದರಲ್ಲಿ ತಪ್ಪು ಕಾಣುವುದಿಲ್ಲ. ಇಲ್ಲಿ ಕಾಗದದ ಗಿರಣಿ ಇತ್ತು, ಪಕ್ಷಿ ಸಾಕಣೆ ಇತ್ತು, ಯುದ್ಧದ ಶಾಲೆ ಇತ್ತು, ಸಿನಿಮಾ ಶೂಟಿಂಗ್ ನಡೆದಿದೆ. ಜನ ಓಡಾಡದೇ ಬೀಗ ಬಿದ್ದ ಮನೆ ಏನಾಗುತ್ತದೆ ಅಂತ ನಮಗೆ ಊರಿನಲ್ಲಿ ಗೊತ್ತಲ್ಲ. ನಮ್ಮ ಅಜ್ಜನ ಚೌಕಿಮನೆ ಹನ್ನೊಂದು ವರ್ಷ ಮುಚ್ಚಿತ್ತು. ಮಳೆಗಾಲಕ್ಕೊಂದು ತೊಲೆ ಕುಸಿಯಿತು. ಕೊನೆಗೆ ಬಾಗಿಲವಾಡ, ಕಂಬ ಎಲ್ಲ ಲಾರಿ ಹತ್ತಿ ಯಾವುದೋ ರೆಸಾರ್ಟಿಗೆ ಹೋದವು. ಅಂಗಳದ ತುಳಸಿಕಟ್ಟೆ ಮಾತ್ರ ಅಲ್ಲಿ ಉಳಿದಿದೆ. ಆಸ್ಟರ್ಲಿಯ ಅಂಗಳದಲ್ಲಿ ನಿಂತಾಗ ಅಮ್ಮ ಸುಮಾರು ಹೊತ್ತು ಮಾತಾಡಲಿಲ್ಲ. ಯಾಕೆ ಅಂತ ನಾನು ಕೇಳಲಿಲ್ಲ.

ಈ ಮನೆ ನೋಡಿಕೊಳ್ಳುವವರಿಗೂ ಒಂದು ಮಾತು ಹೇಳಬೇಕು. 2020ರಲ್ಲಿ ನ್ಯಾಷನಲ್ ಟ್ರಸ್ಟ್ ಒಂದು ವರದಿ ಹೊರತಂದಿತು. ವಸಾಹತು ದುಡ್ಡು, ಗುಲಾಮರ ವ್ಯಾಪಾರದ ಜೊತೆ ನಂಟು ಇರುವ 93 ಜಾಗಗಳ ಹೆಸರು ಅದರಲ್ಲಿತ್ತು. ಆಸ್ಟರ್ಲಿಯೂ ಇತ್ತು. ಈ ದೇಶದಲ್ಲಿ ಬಹಳ ಜನ ಸಿಟ್ಟಾದರು. ಟ್ರಸ್ಟಿನವರು ಆ ಸಿಟ್ಟಿಗೆ ಹೆದರಿ ದನಿ ತಗ್ಗಿಸಬಾರದು ಅಂತ ನನ್ನ ವಿನಂತಿ. ಕಂಪನಿಯ ಕಥೆ ಹೇಳಿದರೆ ಆಡಂ ಮಾಡಿದ ಹೂವಿನ ಒಂದು ದಳವೂ ಉದುರುವುದಿಲ್ಲ. ದುಡ್ಡು ಎಲ್ಲಿಂದ ಬಂತು ಅಂತ ಗೊತ್ತಾದ ಮೇಲೂ ನಾನು ಆ ಸೀಲಿಂಗನ್ನು ಅಷ್ಟೇ ಪ್ರೀತಿಯಿಂದ ನೋಡಿದ್ದೇನೆ. ಬೇಲಿಯ ಸುದ್ದಿ, ಅಡುಗೆಮನೆಯ ಸುದ್ದಿ, ಹಡಗಿನ ಸುದ್ದಿ ಎಲ್ಲವನ್ನೂ ಒಂದೇ ಕಡೆ ಹೇಳಿ. ಸುತ್ತಮುತ್ತ ಇಷ್ಟೊಂದು ಭಾರತೀಯರಿದ್ದಾರೆ. ಕನ್ನಡ, ಪಂಜಾಬಿ, ತಮಿಳು, ಗುಜರಾತಿಯಲ್ಲಿ ಒಂದೊಂದು ಹಾಳೆಯ ಪರಿಚಯ ಇಟ್ಟರೆ ಖರ್ಚು ಜಾಸ್ತಿ ಏನೂ ಇಲ್ಲ. ಕನ್ನಡದ್ದನ್ನು ನಾನು ಬರೆದುಕೊಡುತ್ತೇನೆ.

ಇನ್ನು ನಮ್ಮ ಕೆಲಸ. ಕೋಣೆಕೋಣೆಯಲ್ಲಿ ನಿಂತು ವಿವರ ಹೇಳುವವರು ಸಂಬಳದವರಲ್ಲ, ಸ್ವಯಂಸೇವಕರು. ಹೆಚ್ಚಿನವರು ರಿಟೈರ್ ಆದವರು. ನಾನು ಮೊನ್ನೆ ಅರ್ಜಿ ಹಾಕಿದ್ದೇನೆ. ತಿಂಗಳಿಗೆ ಒಂದು ಶನಿವಾರ ಬಿಡುವು ಮಾಡಿಕೊಳ್ಳುವ ಇನ್ನೂ ಮೂರು ನಾಲ್ಕು ಜನ ನಮ್ಮವರು ಸಿಕ್ಕರೆ, ಊರಿನಿಂದ ಬಂದ ಹಿರಿಯರಿಗೆ ಕನ್ನಡದಲ್ಲೇ ಮನೆ ತೋರಿಸಬಹುದು. ಇಂಗ್ಲಿಷ್ ಗೊತ್ತಿಲ್ಲ ಅಂತ ಎಷ್ಟು ಜನ ಅಪ್ಪ ಅಮ್ಮಂದಿರು ಆರು ತಿಂಗಳು ಫ್ಲ್ಯಾಟಿನ ಸೋಫಾದಲ್ಲೇ ಕೂತು ವಾಪಸ್ ಹೋಗುತ್ತಾರೆ ಅಂತ ನಿಮಗೂ ಗೊತ್ತಿದೆ.

ಮನೆ ತೆರೆಯುವ ದಿನ, ಹೊತ್ತು ಋತುವಿಗೆ ತಕ್ಕ ಹಾಗೆ ಬದಲಾಗುತ್ತದೆ, ನೋಡಿಕೊಂಡು ಹೊರಡಿ. ಮುಂದಿನ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ 11ಕ್ಕೆ ನಾನು ಕುದುರೆ ಲಾಯದ ಮುಂದೆ ಇರುತ್ತೇನೆ. ಬರುವವರು ಬನ್ನಿ. ಮೊದಲು ಕೆಳಗಿನ ಅಡುಗೆಮನೆ ನೋಡೋಣ, ಆಮೇಲೆ ಮೇಲಿನ ಕೋಣೆಗಳು. ಬುತ್ತಿ ಕಟ್ಟಿಕೊಂಡು ಬನ್ನಿ, ಆಮೇಲೆ ಕೆರೆ ದಂಡೆಯಲ್ಲಿ ಕೂರೋಣ. ಅಮ್ಮ ತೀರ್ಥಹಳ್ಳಿಯಿಂದ ವಿಡಿಯೋ ಕಾಲ್‌ನಲ್ಲಿ ಇರುತ್ತೇನೆ ಅಂದಿದ್ದಾರೆ. ಆ ದೊಡ್ಡ ಒಲೆಯನ್ನು ಇನ್ನೊಂದು ಸಲ ನೋಡಬೇಕಂತೆ.

ನಿಮ್ಮ ನೆರೆಯವಳು,
ಹೌನ್ಸ್ಲೋ